ಹಿಮಾಲಯದ ಮುಂದೆ ಬಿಳಿ ಶಾಲು

ಭದ್ರಾವತಿ

ನೇಪಾಳಕ್ಕೆ ಹೋಗಿ ಬಂದವನು ಮೊದಲು ಪಶುಪತಿನಾಥನ ದರ್ಶನದ ಸುದ್ದಿ ಹೇಳಬೇಕು. ನಮ್ಮ ನ್ಯೂ ಟೌನಿನ ಅಕ್ಕಪಕ್ಕದ ಮನೆಯವರು ಕೇಳಿದ್ದೂ ಅದನ್ನೇ. ನನಗೆ ಹೇಳಬೇಕಾಗಿರುವುದು ಒಂದು ಫೋಟೋದ ವಿಷಯ. ಪಶುಪತಿನಾಥ ನಡುವೆ ಬರುತ್ತಾನೆ, ಅವನನ್ನು ಬಿಡುವುದಿಲ್ಲ.

ಕಬ್ಬಿಣದ ಕಾರ್ಖಾನೆಗೆ ಸೇರಿದ ದಿನದಿಂದ ನಿವೃತ್ತನಾಗುವ ತನಕ ನಾನು ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡವನು. ಈಗ ಯಾರೂ ಹಾಜರಿ ಕೇಳುವುದಿಲ್ಲ. ಆದರೂ ಬೆಳಗಿನ ಸೈರನ್ನಿಗೆ ಏಳುತ್ತೇನೆ, ಷೂ ಕಟ್ಟುತ್ತೇನೆ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಭದ್ರಾ ಹೊಳೆಯ ದಂಡೆಗೆ ಇಳಿಯುತ್ತೇನೆ. ಚಿಮಣಿಯ ಹೊಗೆಯ ಅಂಚಿಗೆ ಬಿಸಿಲು ತಾಗುವುದು, ಮಂಜು ನೀರಿನ ಮೇಲಿಂದ ಎದ್ದು ಸೇತುವೆಯ ಕಮಾನಿನೊಳಗೆ ನುಗ್ಗುವುದು, ಇಂಥವನ್ನು ಹಿಡಿಯುತ್ತೇನೆ. ಮನುಷ್ಯರ ಫೋಟೋ ತೆಗೆಯುವ ರೂಢಿ ಇಲ್ಲ. ಮನುಷ್ಯರು ತಲೆ ಬಾಚಿಕೊಂಡು ಬರುತ್ತೇನೆ ಎಂದು ಒಳಗೆ ಹೋಗುತ್ತಾರೆ, ಅಷ್ಟರಲ್ಲಿ ಬೆಳಕು ಹೊರಟುಹೋಗಿರುತ್ತದೆ.

ಈ ಪ್ರವಾಸಕ್ಕೆ ಹೊರಡಬೇಕಾಗಿದ್ದವರು ಮೂವರು: ನಾನು, ನನ್ನ ಹೆಂಡತಿ ಜಾನಕಿ, ಅವಳ ಅಕ್ಕ. ಜಾನಕಿಯ ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಎತ್ತಿ ಆಡಿಸಿ, ಓದಿಸಿ, ನನಗೆ ಕೊಟ್ಟು ಮದುವೆ ಮಾಡಿದವರು ಈ ಅಕ್ಕ. ಕುಂಸಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಹಿಮಾಲಯ ನೋಡಬೇಕು ಎಂಬುದು ಅವರ ಬಹಳ ವರ್ಷದ ಹಂಬಲ. ಶಿವಮೊಗ್ಗದ ಪೇಟೆಗೆ ಚಳಿಗಾಲದಲ್ಲಿ ಬಟ್ಟೆ ಮಾರಲು ಬರುವ ಉತ್ತರದವರ ಹತ್ತಿರ ಒಂದು ಬಿಳಿ ಉಣ್ಣೆ ಶಾಲು ಕೊಂಡು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಕುಂಸಿಯ ಸೆಖೆಯಲ್ಲಿ ಅದನ್ನು ಹೊದೆಯುವವರು ಯಾರು? ಅದು ಹಿಮಾಲಯಕ್ಕೇ.

ಹೊರಡುವುದಕ್ಕೆ ಸ್ವಲ್ಪ ದಿನ ಮುಂಚೆ ಅಕ್ಕ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಾವು ಓಡಿಹೋದೆವು. ಜಾನಕಿ ಮಂಚದ ಪಕ್ಕ ಕೂತು, ಪ್ರಯಾಣ ಬೇಡ, ಟಿಕೆಟ್ಟು ವಾಪಸ್ ಮಾಡೋಣ ಎಂದಳು.

"ನೀನು ಹೋಗದಿದ್ರೆ ನನ್ನ ಸೊಂಟ ಕೂಡ್ಕೊಳ್ಳುತ್ತೇನೇ?" ಎಂದರು ಅಕ್ಕ.

"ನಿನ್ನ ಬಿಟ್ಟು ನಾನು ಹ್ಯಾಗೆ ಹೋಗ್ಲಿ ಅಕ್ಕಾ?"

"ಬಿಟ್ಟು ಹೋಗು ಅಂದೋರ್ಯಾರು? ಟ್ರಂಕಿನಿಂದ ಆ ಶಾಲು ತೆಗಿ. ಅದನ್ನ ಹೊದ್ಕೊಂಡು ಹಿಮದ ಬೆಟ್ಟದ ಮುಂದೆ ನಿಂತ್ಕೋ. ಇವರು ಫೋಟೋ ಹಿಡೀಲಿ. ಅದನ್ನ ನೋಡಿದ್ರೆ ನಾನೂ ಹೋಗಿ ಬಂದ ಹಾಗಾಯ್ತು." ಆಮೇಲೆ ನನ್ನ ಕಡೆ ತಿರುಗಿ, "ಬರೀ ಬೆಟ್ಟ, ಬಿಸಿಲು ಹಿಡ್ಕೊಂಡು ಬಂದ್ರೆ ಮನೆ ಒಳಗೆ ಸೇರಿಸಲ್ಲ ನೋಡಿ. ಬೆಟ್ಟವೂ ಪೂರ್ತಿ ಇರ್ಬೇಕು, ನನ್ನ ತಂಗಿಯೂ ಇರ್ಬೇಕು" ಎಂದರು.

ನಾನು ಒಪ್ಪಿಕೊಂಡೆ. ಹಾಗೆ ನಾವಿಬ್ಬರೇ ಹೊರಟೆವು, ಶಾಲು ಹಾಸಿಗೆ ಸುರುಳಿಯಲ್ಲಿ.

ಬೀರ್‌ಗಂಜ್

ಕಾಶಿಯ ವಿಷಯ ಬರೆದವರು ಬಹಳ ಮಂದಿ ಇದ್ದಾರೆ, ನಾನು ಬಿಡುತ್ತೇನೆ. ರಕ್ಸೌಲಿನಲ್ಲಿ ರೈಲು ಇಳಿದು ಕುದುರೆ ಗಾಡಿ ಹತ್ತಿದೆವು. ಗಡಿ ಎಂದರೆ ದೊಡ್ಡ ಗೋಡೆ, ಕೋವಿ ಹಿಡಿದ ಸಿಪಾಯಿ ಎಂದುಕೊಂಡಿದ್ದೆ. ಒಂದು ಸಣ್ಣ ಸೇತುವೆ, ಆಚೆ ಒಂದು ಕಮಾನು. ಕುದುರೆ ನಿಲ್ಲದೆ ನಡೆಯಿತು, ನಾವು ಪರದೇಶದಲ್ಲಿದ್ದೆವು.

ಊರಿನೊಳಗೆ ಹೋಗುತ್ತಲೇ ಜಾನಕಿ ನನ್ನ ತೋಳು ಜಗ್ಗಿದಳು. "ರೀ, ಆ ನಾಯಿ ನೋಡಿ!"

ಬೀದಿ ನಾಯಿಯೊಂದು ಕೊರಳಿಗೆ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ ಹಾಕಿಕೊಂಡು ಅಂಗಡಿ ಮುಂದೆ ಮಲಗಿತ್ತು. ಮುಂದಿನ ತಿರುವಿನಲ್ಲಿ ಇನ್ನೆರಡು. ಕಿವಿ ಹರಿದ ಒಂದು ಮುದಿ ನಾಯಿಗೆ ಎರಡು ಮಾಲೆ. ನಮ್ಮ ದೀಪಾವಳಿಯ ಸಮಯದಲ್ಲೇ ಅವರಿಗೂ ಹಬ್ಬ, ಅದರಲ್ಲಿ ಒಂದು ದಿನ ಕಾಗೆಗೆ, ಒಂದು ದಿನ ನಾಯಿಗೆ, ಒಂದು ದಿನ ಹಸುವಿಗೆ ಪೂಜೆಯಂತೆ. ಹಸುವಿನ ಪೂಜೆ ನಮಗೆ ಗೊತ್ತು. ನಾಯಿಗೆ ನಮ್ಮ ನ್ಯೂ ಟೌನಿನಲ್ಲಿ ಸಿಗುವುದು ಕಲ್ಲೇಟು. ಹಬ್ಬದ ದಿನ ಮನೆಯಲ್ಲಿ ದೀಪ ಹಚ್ಚಲಾಗಲಿಲ್ಲ ಎಂದು ಕೊರಗುತ್ತಿದ್ದ ಜಾನಕಿ ಅವತ್ತು ಮೊದಲ ಸಲ ನಕ್ಕಳು. ಬುತ್ತಿಯಲ್ಲಿ ಉಳಿದಿದ್ದ ಚಪಾತಿಯನ್ನು ಆ ಮುದಿ ನಾಯಿಗೆ ಹಾಕಿದಳು. ಅದು ಮೂಸಿ ನೋಡಿ ಮುಖ ತಿರುಗಿಸಿತು. ಬೆಳಗಿನಿಂದ ಅದಕ್ಕೆ ಸಿಹಿ ತಿಂದು ಸಾಕಾಗಿತ್ತು.

ಊರಿನೊಳಗಿದ್ದ ಸುಂಕದ ಕಟ್ಟೆಯಲ್ಲಿ ಮಾತ್ರ ಎಡವಟ್ಟಾಯಿತು. ಅಲ್ಲಿನ ಅಧಿಕಾರಿಗೆ ನನ್ನ ಮಡಿಸುವ ಕ್ಯಾಮೆರಾ ನೋಡಿ ಬಹಳ ಸಂತೋಷ. ಇದರೊಳಗೆ ಏನಿದೆ ಎಂದು ಕೇಳಿದ. ನನಗೆ ಬರುವ ಹಿಂದಿ ಶಿವಮೊಗ್ಗದ ಬಜಾರಿನದು. ತೆರೆಯಬೇಡಿ ಎನ್ನಲು "ಖೋಲ್ನಾ ನಕ್ಕೋ!" ಎಂದು ಕೂಗಿದೆ. ಅವನಿಗೆ ಅದು ತೆರೆಯಿರಿ ಎಂದು ಕೇಳಿಸಿತೋ ಏನೋ, ಮುಚ್ಚಳ ತೆಗೆದೇ ಬಿಟ್ಟ. ಒಳಗಿದ್ದ ಫಿಲಂ ಮಧ್ಯಾಹ್ನದ ಬಿಸಿಲು ಕುಡಿದು ಹಾಳಾಯಿತು. ಕಾಶಿಯ ಘಟ್ಟಗಳ ಬೆಳಕೆಲ್ಲ ಅದರಲ್ಲಿತ್ತು. ವಿಷಯ ಗೊತ್ತಾದ ಮೇಲೆ ಅವನು ಕಿವಿ ಹಿಡಿದುಕೊಂಡ, ಚಹ ತರಿಸಿದ, ನನ್ನ ಕೊರಳಿಗೂ ಒಂದು ಚೆಂಡುಹೂವಿನ ಮಾಲೆ ಹಾಕಿದ.

"ಈಗ ನಿಮಗೂ ಆ ನಾಯಿಗೂ ವ್ಯತ್ಯಾಸ ಇಲ್ಲ" ಎಂದಳು ಜಾನಕಿ.

ನಗು ಬರಲಿಲ್ಲ. ಫಿಲಂ ಸಿಗುವುದು ಆ ದಿನಗಳಲ್ಲಿ ನಮ್ಮ ಕಡೆಯೇ ಕಷ್ಟ. ಉಳಿದದ್ದು ಒಂದೇ ರೋಲು, ಅದರಲ್ಲಿ ಹನ್ನೆರಡು ಫೋಟೋ. ನೇಪಾಳ ಪೂರ್ತಿ ಅದರಲ್ಲೇ ಆಗಬೇಕು, ಅಕ್ಕನ ಫೋಟೋ ಕೂಡ.

ಬೆಟ್ಟದ ದಾರಿ

ಹಬ್ಬವಾದ್ದರಿಂದ ಬಸ್ಸು ಸಿಗುವುದು ಮೂರು ದಿನ ತಡವಾಯಿತು. ಅಂತೂ ಸಿಕ್ಕಿದ ಬಸ್ಸಿನ ಡ್ರೈವರು ಎಲೆಯಡಿಕೆ ಹಾಕುವ ಗಟ್ಟಿಮುಟ್ಟಾದ ಆಸಾಮಿ. ಬಯಲು ಮುಗಿದು ಬೆಟ್ಟ ಶುರುವಾದ ಮೇಲೆ ರಸ್ತೆ ಹಾವಿನ ಹಾಗೆ ಮೇಲಕ್ಕೆ ಸುತ್ತುತ್ತದೆ. ಆಗುಂಬೆ ಘಾಟಿಯ ತಿರುವುಗಳನ್ನು ನೋಡಿದವನು ನಾನು. ಅವನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೋದರೆ ಈ ರಸ್ತೆ ಆದೀತು. ಜಾನಕಿ ಕಣ್ಣು ಮುಚ್ಚಿ ಸಹಸ್ರನಾಮ ಹಿಡಿದಿದ್ದಳು.

ಮಧ್ಯಾಹ್ನ ಒಂದು ಹಳ್ಳಿಯ ಹತ್ತಿರ ಬಸ್ಸು ನಿಂತಿತು. ಕೆಟ್ಟಿತೇ ಎಂದು ಕೇಳಿದೆ. ಪಕ್ಕದವನು ಇಲ್ಲ ಎಂದು ತಲೆಯಾಡಿಸಿದ. ರಸ್ತೆಯ ಪಕ್ಕದಲ್ಲಿ ಒಬ್ಬ ಹೆಂಗಸು ತಟ್ಟೆ ಹಿಡಿದು ನಿಂತಿದ್ದಳು. ಡ್ರೈವರು ಇಳಿದು ಹೋಗಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಅವನ ಸುತ್ತ ಎಣ್ಣೆಯ ಗೆರೆ ಎಳೆದಳು, ಹಣೆಗೆ ಬಣ್ಣ ಬಣ್ಣದ ತಿಲಕ ಇಟ್ಟಳು, ಹೊಸ್ತಿಲಲ್ಲಿ ಒಂದು ಅಕ್ರೋಟು ಇಟ್ಟು ಕಲ್ಲಿನಿಂದ ಒಡೆದಳು. ಅವಳು ಅವನ ಅಕ್ಕ. ಹಬ್ಬದ ಕೊನೆಯ ದಿನ ಅಕ್ಕ ತಂಗಿಯರು ಅಣ್ಣ ತಮ್ಮಂದಿರಿಗೆ ಮಾಡುವ ಶಾಸ್ತ್ರ ಅದು.

ಬಸ್ಸಿನ ತುಂಬ ಜನ ಕಾದರು. ಒಬ್ಬನೂ ಗೊಣಗಲಿಲ್ಲ. ನಾನೊಬ್ಬನೇ ಗಡಿಯಾರ ನೋಡಿದವನು. ನಮ್ಮ ಶಿವಮೊಗ್ಗದ ಬಸ್ಸಿನ ಡ್ರೈವರು ಹೀಗೆ ಮಾಡಿದ್ದರೆ ಕಿಟಕಿಯಿಂದ ಎಷ್ಟು ತಲೆ ಹೊರಗೆ ಬರುತ್ತಿದ್ದವು! ಇಲ್ಲಿ ಆ ಹೆಂಗಸು ಬಸ್ಸಿನಲ್ಲಿದ್ದ ನಮಗೆಲ್ಲ ಬಳೆಯಂತೆ ದುಂಡಗಿನ ಒಂದೊಂದು ಸಿಹಿ ರೊಟ್ಟಿ ಕೊಟ್ಟಳು. ಜಾನಕಿಯ ಮುಖ ನೋಡಿ ಏನೋ ಕೇಳಿದಳು. ಮುಂದಿನ ಸೀಟಿನವನು ಹಿಂದಿಯಲ್ಲಿ ಹೇಳಿದ: ನಿಮಗೆ ಅಣ್ಣ ತಮ್ಮ ಇದ್ದಾರಾ ಎಂದು ಕೇಳುತ್ತಿದ್ದಾಳೆ.

"ಇಲ್ಲ. ಅಕ್ಕ ಇದ್ದಾಳೆ" ಎಂದು ಜಾನಕಿ ಕನ್ನಡದಲ್ಲೇ ಹೇಳಿದಳು. ಆ ಹೆಂಗಸಿಗೆ ಅರ್ಥವಾದ ಹಾಗೆ ಇನ್ನೊಂದು ರೊಟ್ಟಿ ಅವಳ ಕೈಗಿಟ್ಟಳು. ಅದನ್ನು ಜಾನಕಿ ತಿನ್ನಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡಳು. ಊರು ಸೇರುವ ಹೊತ್ತಿಗೆ ಕಬ್ಬಿಣವಾಗುತ್ತದೆ ಎಂದೆ. "ಆಗ್ಲಿ. ನಮ್ಮೂರಲ್ಲಿ ಕಬ್ಬಿಣಕ್ಕೇನು ಕೊರತೆ, ಅದನ್ನೂ ಇಟ್ಕೋತೀನಿ" ಎಂದಳು.

ಅಷ್ಟು ತಡವಾದ್ದರಿಂದ ಕಾಠ್ಮಂಡು ಮುಟ್ಟಲಾಗಲಿಲ್ಲ. ಸಂಜೆ ದಟ್ಟ ಮಂಜು ಕವಿದು, ದಾಮನ್ ಎಂಬ ಎತ್ತರದ ಹಳ್ಳಿಯಲ್ಲಿ ಬಸ್ಸು ತಂಗಿತು. ಮೆಣಸಿನಪುಡಿ ಹಾಕಿದ ಚಹ ಕುಡಿದು, ಒಲೆಯ ಸುತ್ತ ಎಲ್ಲರ ಜೊತೆ ಮಲಗಿದೆವು. ಮಂಜು ಗುಡಿಸಲಿನ ಒಳಕ್ಕೂ ಬಂದಿತ್ತು. ಕ್ಯಾಮೆರಾದ ಚೀಲ ಮುಟ್ಟಿದರೆ ಒದ್ದೆ.

ದಾಮನ್

ಸೈರನ್ನು ಇಲ್ಲದ ಊರಿನಲ್ಲೂ ನನಗೆ ಅದೇ ಹೊತ್ತಿಗೆ ಎಚ್ಚರವಾಯಿತು. ಹೊರಗೆ ಬಂದೆ. ಮಂಜು ಕಣಿವೆಗೆ ಇಳಿದುಹೋಗಿತ್ತು. ಉತ್ತರಕ್ಕೆ, ಈ ತುದಿಯಿಂದ ಆ ತುದಿಯವರೆಗೆ, ಬೂದು ಬಣ್ಣದ ಒಂದು ಸಾಲು. ಮೋಡ ಎಂದುಕೊಂಡೆ. ನೋಡುತ್ತಿದ್ದ ಹಾಗೆ ಅದರ ಒಂದು ತುದಿಗೆ ಬೆಂಕಿ ಹತ್ತಿತು.

ನಮ್ಮ ಹೊಳೆಯ ದಂಡೆಯಲ್ಲಿ ಬೆಳಕು ಕೆಳಗಿನಿಂದ ಬಂದ ಹಾಗೆ ಕಾಣುತ್ತದೆ. ಮೊದಲು ಹೊಳೆ ಹೊಳೆಯುತ್ತದೆ, ಆಮೇಲೆ ಬಂಡೆ, ಆಮೇಲೆ ಮರ. ಅಲ್ಲಿ ಅದು ಆಕಾಶದಿಂದ ಇಳಿಯಿತು. ನಾವು ಕತ್ತಲೆಯಲ್ಲಿ ನಿಂತಿರುವಾಗ ಶಿಖರಗಳು ಒಂದೊಂದಾಗಿ ಹೊತ್ತಿಕೊಂಡವು. ಕುಲುಮೆಯಿಂದ ತೆಗೆದ ಕಬ್ಬಿಣ ಮೊದಲು ನೋಡಲಾಗದಷ್ಟು ಬಿಳಿ, ಆಮೇಲೆ ಹಳದಿ, ಆಮೇಲೆ ಕೆಂಪಾಗಿ ತಣಿಯುತ್ತದೆ. ಇದು ಉಲ್ಟಾ. ಕೆಂಪಗಿದ್ದದ್ದು ನೋಡುತ್ತ ನೋಡುತ್ತ ಬಿಳಿಯಾಯಿತು. ಬೆರಳು ಮರಗಟ್ಟಿದ್ದವು. ನಾಲ್ಕು ಫೋಟೋ ಹಿಡಿದು, ಒಳಗೆ ಓಡಿ ಜಾನಕಿಯನ್ನು ಎಬ್ಬಿಸಿದೆ.

"ಏಳು ಮಾರಾಯ್ತಿ, ಅಕ್ಕನ ಹಿಮಾಲಯ ಬಂದಿದೆ."

ಅವಳು ಹೊರಗೆ ಬಂದು ನೋಡಿದಳು. ಆಮೇಲೆ ಒಳಗೆ ಹೋಗಿ ತಲೆ ಬಾಚಿ, ಕುಂಕುಮ ತಿದ್ದಿಕೊಂಡು, ಶಾಲು ತಲೆಯಿಂದ ಮಂಡಿಯವರೆಗೆ ಹೊದ್ದು ಬಂದಳು. ನಾನು ಅವಸರ ಮಾಡಲಿಲ್ಲ.

"ಎಲ್ಲಿ ನಿಂತ್ಕೊಳ್ಲಿ?"

ಗುಡಿಸಲಿನ ಎದುರು ತಗ್ಗಿನ ಆಚೆಗೆ ಒಂದು ಸಣ್ಣ ದಿಬ್ಬ, ಅದರ ಹಿಂದೆ ಕಪ್ಪು ಪೈನ್ ಕಾಡು, ಕಾಡಿನ ಮೇಲೆ ಹಿಮದ ಸಾಲು. ಬಿಸಿಲು ಆ ದಿಬ್ಬದ ನೆತ್ತಿಗೆ ಮಾತ್ರ ಬಿದ್ದಿತ್ತು. ಅಲ್ಲಿ ನಿಂತರೆ ಬೆಟ್ಟ ಪೂರ್ತಿ ಬರುತ್ತದೆ, ಅಕ್ಕ ಹೇಳಿದ ಹಾಗೆ. ಹತ್ತಿರ ನಿಂತರೆ ಮುಖ ಕಾಣುತ್ತದೆ, ಆದರೆ ಬೆಟ್ಟ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಇದನ್ನು ಅವಳಿಗೆ ಹೇಳಿದೆ.

"ಮುಖ ಅಕ್ಕನಿಗೆ ಗೊತ್ತಿರೋದೇ. ಬೆಟ್ಟ ಇರ್ಲಿ" ಎಂದು ಅವಳೇ ನಡೆದಳು.

ಹುಲ್ಲಿನ ಮೇಲೆ ಇಬ್ಬನಿ ಇತ್ತು. ಅವಳು ಸೀರೆ ಎತ್ತಿ ಹಿಡಿದು ಇಳಿದು, ಹತ್ತಿ, ಸಣ್ಣಗಾಗುತ್ತ ಹೋದಳು. ದಿಬ್ಬದ ಮೇಲೆ ತಲುಪಿ ಈ ಕಡೆ ತಿರುಗಿದಾಗ ಬಿಸಿಲು ಅವಳ ಮೇಲೆ ಬಿತ್ತು. ಕಪ್ಪು ಕಾಡಿನ ಮುಂದೆ ಒಂದು ಬಿಳಿ ಜ್ವಾಲೆ. ಮೇಲೆ ಹಿಮ, ಕೆಳಗೆ ಅವಳು, ಎರಡೂ ಒಂದೇ ಬೆಳಕಿನಲ್ಲಿ. ಇಷ್ಟು ವರ್ಷ ಮನುಷ್ಯರಿಲ್ಲದ ಜಾಗ ಹುಡುಕಿಕೊಂಡು ತಿರುಗಿದವನು ನಾನು. ಅವಳು ಇಲ್ಲದಿದ್ದರೆ ಆ ನೋಟ ಅಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಗುಂಡಿ ಒತ್ತಿದೆ. ಇನ್ನೊಂದು ತೆಗೆಯೋಣ ಎಂದು ಫಿಲಂ ತಿರುಗಿಸುವಷ್ಟರಲ್ಲಿ ಕಣಿವೆಯ ಮಂಜು ಎದ್ದು ಬಂದು ದಿಬ್ಬವನ್ನು ನುಂಗಿತು. ಅದರೊಳಗಿಂದ ಅವಳ ಧ್ವನಿ ಮಾತ್ರ ಬಂತು: "ಆಯ್ತೇನ್ರೀ?"

"ಆಯ್ತು, ಬಾ!" ಎಂದು ಕೂಗಿದೆ.

ಕಾಠ್ಮಂಡು

ಪಶುಪತಿನಾಥನ ಗುಡಿಯ ಅರ್ಚಕರು ನಮ್ಮ ದಕ್ಷಿಣದ ಕಡೆಯವರು. ಎರಡು ದೇಶ ದಾಟಿ ಬಂದಷ್ಟು ದಣಿವಿನಲ್ಲಿ ನಿಂತಿದ್ದ ನಮ್ಮನ್ನು ಒಬ್ಬರು ಕನ್ನಡದಲ್ಲಿ, "ಯಾವೂರಾಯ್ತು?" ಎಂದು ಕೇಳಿದರು. ಶಿವಮೊಗ್ಗದ ಕಡೆ ಎಂದೆ. "ಈ ವರ್ಷ ಅಡಿಕೆ ಹೇಗೆ?" ಎಂದರು. ಜಾನಕಿ ಅಕ್ಕನ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ನಕ್ಷತ್ರವನ್ನು ಎರಡು ಸಲ ಹೇಳಿದಳು.

ಉಳಿದ ದಿನ ಪೂರ್ತಿ ಮೋಡ. ಇಟ್ಟಿಗೆ ಗುಡಿಗಳ ಸೂರು, ಜೋಳದ ತೆನೆ ನೇತುಹಾಕಿದ ಕಿಟಕಿಗಳು, ಹೆಗಲ ಕಂಬಿಯಲ್ಲಿ ಮೂಲಂಗಿ ಹೊತ್ತು ಓಡುವ ರೈತರು, ಇವುಗಳಲ್ಲಿ ಫಿಲಂ ಮುಗಿಯಿತು. ವಾಪಸ್ ಬರುವಾಗ ದಾಮನ್ನಿನಲ್ಲಿ ಬಸ್ಸು ನಿಂತರೂ ಮಂಜಿನಲ್ಲಿ ಎದುರಿಗಿದ್ದ ಮರವೂ ಕಾಣಲಿಲ್ಲ. ಜಾನಕಿಗೆ ಬೇಸರವಿರಲಿಲ್ಲ. "ನಮ್ಮದು ಡಬ್ಬಿಯೊಳಗೆ ಇದೆಯಲ್ಲ" ಎಂದು ನನ್ನ ಚೀಲ ತಟ್ಟಿದಳು.

ಶಿವಮೊಗ್ಗ

ಫಿಲಂ ತೊಳೆಯಲು ನಾನು ಹೋಗುವುದು ಶಿವಮೊಗ್ಗದ ಬಜಾರಿನ ಹತ್ತಿರದ ಖಾದರ್ ಸಾಹೇಬರ ಸ್ಟುಡಿಯೋಕ್ಕೆ. ಅವರ ನಿಜವಾದ ಕಸುಬು ಮದುವೆಗೆ ನೋಡುವ ಹುಡುಗಿಯರ ಫೋಟೋ. ನೆಗೆಟಿವ್ ಮೇಲೆ ಸೂಜಿಯಂಥ ಚಾಕುವಿನಿಂದ ಕೆರೆದು, ಪೆನ್ಸಿಲ್ಲಿನಿಂದ ತೀಡಿ, ಸಿಡುಬಿನ ಕಲೆ, ಮಚ್ಚೆ, ಮೊಡವೆ ಎಲ್ಲ ಮಾಯ ಮಾಡುತ್ತಾರೆ. ಟಚಿಂಗ್ ಎನ್ನುತ್ತಾರೆ ಅದಕ್ಕೆ. ಜಿಲ್ಲೆಯಲ್ಲಿ ಎಷ್ಟೋ ಮದುವೆ ಆ ಚಾಕುವಿನ ತುದಿಯಲ್ಲಿ ಕೂಡಿಬಂದಿವೆ.

ಪ್ರಿಂಟು ತರುವ ದಿನ ಜಾನಕಿಯೂ ಬಂದಳು. ಅಲ್ಲಿಂದ ನೇರ ಕುಂಸಿಯ ಬಸ್ಸು ಹತ್ತುವ ಯೋಚನೆ.

"ಬನ್ನಿ ರಾಯರೇ, ಬನ್ನಿ ಅಮ್ಮಾ" ಎಂದು ಖಾದರ್ ಸಾಹೇಬರು ಸ್ಟೂಲು ಎಳೆದು ಹಾಕಿದರು. "ಏನು ಫೋಟೋ ಸ್ವಾಮಿ! ಇಷ್ಟು ವರ್ಷ ನೀವು ಹೊಗೆ ಹಿಡ್ಕೊಂಡು ಬರ್ತಿದ್ರಿ, ಈ ಸಲ ಜನ್ನತ್ ಹಿಡ್ಕೊಂಡು ಬಂದಿದೀರಿ. ನಾನೇ ಖುಷಿಯಿಂದ ಒಂದನ್ನ ದೊಡ್ಡದು ಮಾಡಿ ರಟ್ಟಿಗೆ ಅಂಟಿಸಿದೀನಿ. ಅದಕ್ಕೆ ಕಾಸೆಷ್ಟು ಅಂತ ಕೇಳಬೇಡಿ."

ರಟ್ಟು ತಿರುಗಿಸಿ ಮುಂದಿಟ್ಟರು. ಹಿಮದ ಸಾಲು, ಕಾಡು, ದಿಬ್ಬ. ಬೆಳಕು ನಾನು ಕಂಡ ಹಾಗೆಯೇ ಇತ್ತು. ದಿಬ್ಬದ ಮೇಲೆ ಯಾರೂ ಇರಲಿಲ್ಲ.

ಬೇರೆ ಫೋಟೋ ಇರಬೇಕು ಎಂದುಕೊಂಡು ಉಳಿದವನ್ನು ಮಗುಚಿದೆ. ಇದೇ.

"ಫಿಲಂ ಒದ್ದೆಯಾಗಿತ್ತು ಅಂತ ಕಾಣುತ್ತೆ" ಎಂದು ಅವರು ಹೇಳುತ್ತಲೇ ಇದ್ದರು. "ಎಲ್ಲಾ ಕಡೆ ಚುಕ್ಕೆ. ಎರಡು ದಿನ ಕೂತು ಒಂದೊಂದೇ ತೆಗ್ದೆ. ಇದ್ರಲ್ಲಿ ಬಿಡಿ, ಕಾಡಿನ ಮಧ್ಯೆ ಒಂದು ದೊಡ್ಡ ಬಿಳಿ ಕಲೆ, ಸಾಸಿವೆ ಕಾಳಿನಷ್ಟು. ಚಂದ್ರನಂಥ ಹುಡುಗಿ ಮುಖದ ಮೇಲೆ ನರೂಲಿ ಇದ್ದ ಹಾಗೆ. ಮೆಲ್ಲಗೆ ಕೆರೆದು, ಕಾಡಿಗೆ ಸೇರಿಸಿಬಿಟ್ಟೆ. ಎಲ್ಲಿತ್ತು ಅಂತ ನೀವೇ ಹುಡುಕಿ ನೋಡುವಾ!"

ಜಾನಕಿ ಬೆರಳಿಟ್ಟು ತೋರಿಸಿದಳು. "ಇಲ್ಲಿ."

"ಅರೆ! ಹ್ಯಾಗೆ ಗೊತ್ತಾಯ್ತಮ್ಮಾ?"

"ಅದು ಕಲೆ ಅಲ್ಲ ಸಾಹೇಬ್ರೇ. ಅದು ನಾನು."

ಸಾಹೇಬರು ಅವಳನ್ನೂ ಫೋಟೋವನ್ನೂ ನೋಡಿದರು. ಒಳಗೆ ಹೋಗಿ ನೆಗೆಟಿವ್ ತಂದು, ಕಣ್ಣಿಗೆ ಮಸೂರ ಕಚ್ಚಿಸಿಕೊಂಡು ಬೆಳಕಿಗೆ ಹಿಡಿದರು. ಕೆರೆದ ಜಾಗದಲ್ಲಿ ಏನೂ ಉಳಿದಿರಲಿಲ್ಲ. ಪೆನ್ಸಿಲ್ಲಿನದಾದರೆ ಒರೆಸಬಹುದು, ಚಾಕುವಿನದು ಹೋದರೆ ಹೋಯಿತು. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು.

"ರಾಯರೇ, ನಿಮ್ಮ ಫೋಟೋದಲ್ಲಿ ಯಾವತ್ತು ಮನುಷ್ಯರು ಇದ್ರು? ನನ್ನ ಹಣೆಬರಹ!" ಆಮೇಲೆ ಜಾನಕಿಗೆ ಹೇಳಿದರು: "ಅಮ್ಮಾ, ಸಣ್ಣ ಬ್ರಷ್ಷಿದೆ. ಪ್ರಿಂಟಿನ ಮೇಲೆ ಬಿಡಿಸಿ ಕೊಡ್ತೀನಿ. ಶಾಲು, ಸೆರಗು, ಎಲ್ಲಾ. ನಿಮ್ಮೋರಿಗೂ ಗೊತ್ತಾಗಲ್ಲ."

"ಬೇಡ. ಅಲ್ಲಿ ನಿಂತಿದ್ದು ನಾನು. ನೀವು ಬಿಡಿಸಿದ್ರೆ ಅದು ನಾನಾಗಲ್ಲ" ಎಂದಳು. ಆಮೇಲೆ ಅವರ ಮುಖ ನೋಡಿ, "ಬೇಜಾರು ಮಾಡ್ಕೋಬೇಡಿ. ಬೆಟ್ಟ ಪೂರ್ತಿ ಬಂದಿದೆ" ಎಂದಳು.

ಕುಂಸಿ

ಬಸ್ಸಿನಲ್ಲಿ ಅವಳು ತೀರ್ಮಾನ ಮಾಡಿದ್ದಳು. "ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಅಕ್ಕ ಬಯ್ತಾಳೆ, ನಗ್ತಾಳೆ, ಆಮೇಲೆ ಸುಮ್ಮನಾಗ್ತಾಳೆ."

ಅಕ್ಕ ಕಿಟಕಿ ಪಕ್ಕದ ಮಂಚದ ಮೇಲೆ ಒರಗಿದ್ದರು. ಸೊರಗಿದ್ದರು. ಎಡಗಣ್ಣಿಗೆ ಪೊರೆ ಬಂದಿತ್ತು. ಜಾನಕಿ ಬಾಯಿ ತೆರೆಯುವ ಮುಂಚೆಯೇ ರಟ್ಟನ್ನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಅಬ್ಬಬ್ಬಾ!" ಎಂದು ಹಿಮದ ಸಾಲಿನ ಮೇಲೆ ಈ ತುದಿಯಿಂದ ಆ ತುದಿಗೆ ಕೈಯಾಡಿಸಿದರು. "ನೀನೆಲ್ಲೇ?"

"ಅಕ್ಕಾ, ಅದನ್ನೇ ಹೇಳ್ಬೇಕಿತ್ತು..."

"ತಡಿ, ಹೇಳ್ಬೇಡ. ನಾನೇ ಹುಡುಕ್ತೀನಿ."

ಬೆರಳು ಕಾಡಿನ ಮೇಲೆ ಇಳಿಯಿತು, ದಿಬ್ಬದ ಮೇಲೆ ಹಾದು ಮುಂದೆ ಹೋಯಿತು. ಕೆಳಗಿನ ಮೂಲೆಯಲ್ಲಿ ನಿಂತಿತು. "ಸಿಕ್ಕಿದ್ಲು! ಇಗೋ, ಶಾಲು ತಲೆ ತುಂಬಾ ಹೊದ್ದಿದ್ದೀಯ!"

ನಾನು ಬಗ್ಗಿ ನೋಡಿದೆ. ಲಾರಿಗಳು ಕಣಿವೆಗೆ ಉರುಳದಿರಲಿ ಎಂದು ರಸ್ತೆಯ ತಿರುವಿನಲ್ಲಿ ಸುಣ್ಣ ಬಳಿದು ನೆಟ್ಟ ಕಲ್ಲು. ಅದು ಫೋಟೋದಲ್ಲಿ ಇರುವುದನ್ನೇ ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಕಲ್ಲು ಕಲ್ಲಿನ ಹಾಗೆ ಕಂಡಿದ್ದರಿಂದ ಖಾದರ್ ಸಾಹೇಬರು ಅದನ್ನು ಮುಟ್ಟಿರಲಿಲ್ಲ.

ತಪ್ಪು ಕಂಡರೆ ಅಲ್ಲೇ ಹೇಳುವುದು ನನ್ನ ಸ್ವಭಾವ. ಜಾನಕಿ ನನ್ನ ಕಡೆ ತಿರುಗಿ ನೋಡಿದಳು. ಸುಮ್ಮನಾದೆ.

"ಹೂಂ ಅಕ್ಕ. ನಾನೇ" ಎಂದಳು.

"ಎಷ್ಟು ನೆಟ್ಟಗೆ ನಿಂತಿದ್ದೀಯೇ, ಪೊಲೀಸಿನವನ ಹಾಗೆ!"

"ಅಲ್ಲಾಡಬೇಡ ಅಂದಿದ್ರು ಇವರು."

ಅಕ್ಕ ಸೊಂಟ ಹಿಡಿದುಕೊಂಡು ನಕ್ಕರು. ಸೊಸೆಯನ್ನು ಕೂಗಿದರು, ಪಕ್ಕದ ಮನೆಯವರನ್ನು ಕರೆಸಿದರು. ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದರು. ಸೊಸೆ ಹತ್ತಿರದಿಂದ ನೋಡಿದಳು, ನಮ್ಮ ಮುಖ ನೋಡಿದಳು, "ಚೆನ್ನಾಗಿದೆ ಅತ್ತೆ" ಎಂದಳು. ಮಂಚದಿಂದ ಕಾಣುವ ಗೋಡೆಗೆ ಮೊಳೆ ಹೊಡೆದು ಅವತ್ತೇ ತೂಗುಹಾಕಿದರು. ಹೊರಡುವಾಗ ಜಾನಕಿ ಶಾಲನ್ನು ಮಂಚದ ಮೇಲಿಟ್ಟಳು. "ನೀನೇ ಇಟ್ಕೋ. ನನ್ನದು ಆಯ್ತು" ಎಂದರು ಅಕ್ಕ.

ವಾಪಸ್ ಬರುವ ಬಸ್ಸಿನಲ್ಲಿ, ಬರುವ ವರ್ಷ ಮತ್ತೊಮ್ಮೆ ಹೋಗೋಣ, ಹತ್ತಿರದಿಂದ ತೆಗೆಯುತ್ತೇನೆ ಎಂದೆ. ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

"ಯಾಕೆ? ಅಕ್ಕ ನೋಡಿಯಾಯ್ತಲ್ಲ" ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಸಂಜೆಯ ಬಿಸಿಲು ಗದ್ದೆಗಳ ಮೇಲೆ ಅಡ್ಡ ಬಿದ್ದಿತ್ತು. ಶಿವಮೊಗ್ಗ ಹತ್ತಿರವಾದಾಗ, ಈ ಕಡೆ ತಿರುಗದೆಯೇ ಹೇಳಿದಳು:

"ಅಲ್ಲಿ ನಿಂತಿದ್ದ ನನ್ನನ್ನ ನಾನೊಂದ್ಸಲ ನೋಡ್ಬೇಕಿತ್ತು, ಅಷ್ಟೇ."